ಬ್ರಿಟಿಷ್ ಕಾದಂಬರಿಯ ಸಂಜೆ ಕ್ಲಾಸು: ಸೇರುವುದು, ಓದುವುದು, ಮಾತಾಡುವುದು

ಬ್ರಿಟನ್ನಿನಲ್ಲಿ ದೊಡ್ಡವರಿಗೆಂದೇ ನಡೆಯುವ ತರಗತಿಗಳಿವೆ. ಕುಂಬಾರಿಕೆ, ಸ್ಪ್ಯಾನಿಷ್, ಗಿಟಾರು, ಲೆಕ್ಕಪತ್ರ, ಇವುಗಳ ಜೊತೆಗೆ ಸಾಹಿತ್ಯವೂ ಇರುತ್ತದೆ. ವಾರಕ್ಕೊಂದು ದಿನ, ಸುಮಾರು ಎರಡು ಗಂಟೆ, ಹತ್ತು ಹದಿನೈದು ಜನ ಸುತ್ತ ಕೂತು ಈಚಿನ ಒಂದು ಕಾದಂಬರಿಯ ಬಗ್ಗೆ ಮಾತಾಡುತ್ತಾರೆ. ಡಿಗ್ರಿ ಕೇಳುವುದಿಲ್ಲ. ಹೆಚ್ಚಿನ ಕಡೆ ಪರೀಕ್ಷೆಯೂ ಇಲ್ಲ.

ಕೆಲಸಕ್ಕೆಂದು ಇಲ್ಲಿಗೆ ಬಂದ ಕನ್ನಡಿಗರಲ್ಲಿ ಕನ್ನಡ ಕಾದಂಬರಿ ಓದಿಕೊಂಡೇ ಬೆಳೆದವರು ಬೇಕಾದಷ್ಟು ಜನ ಇದ್ದಾರೆ. ಆದರೂ ಇಂಥ ಕ್ಲಾಸಿನ ಪಟ್ಟಿ ನೋಡಿ, ಆಸೆಪಟ್ಟು, ಸುಮ್ಮನಾಗಿಬಿಡುತ್ತಾರೆ. "ನಮ್ಮದು ಆಫೀಸಿನ ಇಂಗ್ಲಿಷ್, ಅಲ್ಲಿಗೆ ಸಾಹಿತ್ಯ ಓದಿಕೊಂಡವರು ಬರ್ತಾರೆ" ಅನ್ನುವ ಅಳುಕು. ನನ್ನ ಪ್ರಕಾರ ಆ ಅಳುಕು ಬೇಡ. ನೂರು ಪುಸ್ತಕ ಓದಿ ಬಂದವರಿಗಿಂತ, ಒಂದು ಪುಟ ತೆರೆದು ಬೆರಳಿಟ್ಟು "ಇಲ್ಲಿ ಇವನು ಯಾಕೆ ಹೀಗೆ ಹೇಳ್ತಾನೆ?" ಎಂದು ಕೇಳಬಲ್ಲವರಿಗೆ ಈ ಕ್ಲಾಸಿನಲ್ಲಿ ಬೆಲೆ ಜಾಸ್ತಿ. ಅದನ್ನು ಯಾರು ಬೇಕಾದರೂ ಕಲಿಯಬಹುದು. ಹೇಗೆ ಅಂತ ಒಂದೊಂದೇ ಹಂತವಾಗಿ ನೋಡೋಣ.

ಹಂತ 1: ಕ್ಲಾಸು ಹುಡುಕಿ

ಮೊದಲು ನಿಮ್ಮ ಊರಿನ ಕೌನ್ಸಿಲ್ (ಸ್ಥಳೀಯ ಆಡಳಿತ) ವೆಬ್‌ಸೈಟಿನಲ್ಲಿ ವಯಸ್ಕರ ಶಿಕ್ಷಣದ ಪುಟ ನೋಡಿ. ಲೈಬ್ರರಿಯ ಮಹಡಿಯ ಮೇಲೋ ಶಾಲೆಯ ಖಾಲಿ ಕೋಣೆಯಲ್ಲೋ ಇಂಥ ಕ್ಲಾಸು ನಡೆಯುತ್ತಿರಬಹುದು, ಪಕ್ಕದ ಬೀದಿಯವರಿಗೂ ಗೊತ್ತಿರುವುದಿಲ್ಲ. ಅಲ್ಲಿ ಸಿಗದಿದ್ದರೆ ವರ್ಕರ್ಸ್ ಎಜುಕೇಷನಲ್ ಅಸೋಸಿಯೇಷನ್ ಇದೆ. ದುಡಿಯುವ ಜನರಿಗೂ ಉನ್ನತ ಶಿಕ್ಷಣ ಸಿಗಲಿ ಎಂದು 1903ರಲ್ಲಿ ಹುಟ್ಟಿದ ಸಂಸ್ಥೆ ಅದು. ಈಗಲೂ ಬೇರೆ ಬೇರೆ ಊರುಗಳಲ್ಲಿ ಮತ್ತು ಆನ್‌ಲೈನಿನಲ್ಲಿ ಸಾಹಿತ್ಯ ಕಲಿಸುತ್ತದೆ. ಲಂಡನ್ನಿನವರಿಗೆ ಸಿಟಿ ಲಿಟ್ ಅನುಕೂಲ. 1919ರಲ್ಲಿ ಶುರುವಾದ ಈ ಕಾಲೇಜು ಕೋವೆಂಟ್ ಗಾರ್ಡನ್ ಹತ್ತಿರವೇ ಇದೆ, ಆಫೀಸು ಮುಗಿಸಿ ಟ್ಯೂಬ್ ರೈಲು ಹಿಡಿದು ಹೋಗಬಹುದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೂ ಹೊರಗಿನವರಿಗಾಗಿ ವಾರದ ತರಗತಿಗಳನ್ನು ನಡೆಸುತ್ತದೆ. ಹೆಸರು ಕೇಳಿ ಹೆದರಬೇಕಿಲ್ಲ. ಅಲ್ಲಿಗೆ ಬರುವವರೂ ನಿವೃತ್ತ ನರ್ಸು, ಬ್ಯಾಂಕ್ ನೌಕರ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರೇ.

ನಿವೃತ್ತರಾಗಿದ್ದರೆ ಯು3ಎ (ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್) ನೋಡಿ. ಬ್ರಿಟನ್ನಿನಲ್ಲಿ 1982ರಿಂದ ಇರುವ ಕೂಟ ಇದು. ಇಲ್ಲಿ ಸಂಬಳದ ಟ್ಯೂಟರ್ ಇರುವುದಿಲ್ಲ, ಸದಸ್ಯರೇ ಒಬ್ಬರಿಗೊಬ್ಬರು ಕಲಿಸುತ್ತಾರೆ. ಖರ್ಚು ತೀರಾ ಕಡಿಮೆ. ಕೆಲವು ಗುಂಪುಗಳು ಬಹಳ ಚೆನ್ನಾಗಿರುತ್ತವೆ, ಕೆಲವು ಚಹಾ-ಬಿಸ್ಕತ್ತಿನ ಕಡೆಗೆ ವಾಲಿರುತ್ತವೆ. ಒಂದು ಸಲ ಹೋಗಿ ಕೂತರೆ ಗೊತ್ತಾಗುತ್ತದೆ.

ಹಣ ಕಟ್ಟುವ ಮುಂಚೆ ಕೋರ್ಸಿನ ವಿವರಣೆಯನ್ನು ನಿಧಾನವಾಗಿ ಓದಿ. ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರಾ? ಒಂದು ಪುಸ್ತಕಕ್ಕೆ ಎಷ್ಟು ವಾರ? ಹತ್ತು ವಾರಕ್ಕೆ ಹತ್ತು ಕಾದಂಬರಿ ಅಂತಿದ್ದರೆ ಕೆಲಸಕ್ಕೆ ಹೋಗುವವರಿಗೆ ಅದು ಆಗದ ಮಾತು. ಹತ್ತು ವಾರಕ್ಕೆ ನಾಲ್ಕು ಅಥವಾ ಐದು ಸರಿಯಾದ ಲೆಕ್ಕ. ಟ್ಯೂಟರ್ ಉಪನ್ಯಾಸ ಕೊಡುತ್ತಾರೋ, ಚರ್ಚೆಯೇ ಹೆಚ್ಚೋ ಅದನ್ನೂ ನೋಡಿ. ಬರೆದಿಲ್ಲದಿದ್ದರೆ ಇಮೇಲ್ ಹಾಕಿ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಶುಲ್ಕದಲ್ಲಿ ರಿಯಾಯಿತಿ ಇರುವ ಕಡೆ ಅದು ನಿಮ್ಮ ಆದಾಯ, ವಯಸ್ಸು, ವೀಸಾ, ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂಬುದನ್ನೆಲ್ಲ ಅವಲಂಬಿಸಿರಬಹುದು. ಅದನ್ನೂ ಮೊದಲೇ ಕೇಳಿಕೊಳ್ಳಿ.

ವರ್ಷಕ್ಕೆ ಸಾಮಾನ್ಯವಾಗಿ ಮೂರು ಅವಧಿ: ಸೆಪ್ಟೆಂಬರ್ ಕೊನೆಯಿಂದ, ಜನವರಿಯಿಂದ, ಏಪ್ರಿಲ್ ಕೊನೆಯಿಂದ. ಶರತ್ಕಾಲದ ಕ್ಲಾಸು ಬೇಸಿಗೆ ರಜದಲ್ಲೇ ಭರ್ತಿಯಾಗುವುದುಂಟು.

ಹಂತ 2: ಪುಸ್ತಕ ಒಟ್ಟು ಮಾಡಿ

ಎಲ್ಲವನ್ನೂ ಹೊಸದಾಗಿ ಕೊಳ್ಳಬೇಡಿ. ಊರಿನ ಲೈಬ್ರರಿಯಲ್ಲಿ ಸದಸ್ಯತ್ವ ಉಚಿತ. ಪುಸ್ತಕ ಆ ಶಾಖೆಯಲ್ಲಿ ಇಲ್ಲದಿದ್ದರೆ ಬೇರೆ ಶಾಖೆಯಿಂದ ತರಿಸಿಕೊಡುತ್ತಾರೆ, ಕೆಲವು ಕಡೆ ಅದಕ್ಕೆ ಚಿಕ್ಕ ಶುಲ್ಕ ಇರುತ್ತದೆ. ಲೈಬ್ರರಿ ಕಾರ್ಡಿನ ಮೇಲೆಯೇ ಲಿಬ್ಬಿ ಅಥವಾ ಬಾರೋಬಾಕ್ಸ್ ಆ್ಯಪಿನಲ್ಲಿ ಇ-ಪುಸ್ತಕ, ಆಡಿಯೊ ಎರಡೂ ಸಿಗುತ್ತವೆ. ಆದರೆ ಬುಕರ್ ಪ್ರಶಸ್ತಿ ಗೆದ್ದ ಪುಸ್ತಕಕ್ಕೆ ಸರದಿ ಉದ್ದ ಇರುತ್ತದೆ, ಹೆಸರು ಬೇಗ ಬರೆಸಿ. ಆಕ್ಸ್‌ಫ್ಯಾಮ್‌ನಂಥ ಚಾರಿಟಿ ಅಂಗಡಿಗಳಲ್ಲಿ ಹತ್ತಿಪ್ಪತ್ತು ವರ್ಷ ಹಳೆಯ ಪ್ರಸಿದ್ಧ ಕಾದಂಬರಿಗಳು ಕಡಿಮೆ ಬೆಲೆಗೆ ಸಿಕ್ಕೇ ಸಿಗುತ್ತವೆ.

ಹೆಚ್ಚು ಚರ್ಚೆ ಆಗುವ ಒಂದೆರಡು ಪುಸ್ತಕಗಳನ್ನಾದರೂ ಸ್ವಂತಕ್ಕೆ ಕೊಳ್ಳಿ. ಪೆನ್ಸಿಲ್ ಗುರುತು ಹಾಕದೆ ಈ ಓದು ಆಗುವುದಿಲ್ಲ. ನಿಮ್ಮ ಪ್ರತಿಯ ಪುಟಸಂಖ್ಯೆ ಬೇರೆಯವರ ಪ್ರತಿಗೆ ಹೊಂದದೇ ಇರಬಹುದು, ಇ-ರೀಡರಿನಲ್ಲಂತೂ ಪುಟವೇ ಇರದಿರಬಹುದು. ಅದಕ್ಕೆ ಗುರುತಿನ ಪಕ್ಕ ಅಧ್ಯಾಯದ ಹೆಸರನ್ನೂ ಬರೆದುಕೊಳ್ಳಿ. ಆಡಿಯೊ ಕೇಳಿ ಓದಿನ ಬದಲಿಗೆ ಇಟ್ಟುಕೊಳ್ಳುವವರಿದ್ದಾರೆ. ಮೊದಲ ಓದಿಗೆ ಅದು ಆಗಬಹುದು. ಕ್ಲಾಸಿನಲ್ಲಿ "ಆ ಸಾಲು ಎಲ್ಲಿದೆ?" ಎಂದಾಗ ಮಾತ್ರ ಕಷ್ಟ.

ಹಂತ 3: ಎರಡು ಸಲ ಓದಿ

ಎರಡು ಸಲವೇ ಅಂತ ಹುಬ್ಬೇರಿಸಬೇಡಿ. ಮೊದಲ ಸಲ ಸುಮ್ಮನೆ ಕಥೆಗಾಗಿ ಓದಿ. ಗೊತ್ತಿಲ್ಲದ ಪದಕ್ಕೆ ನಿಲ್ಲಬೇಡಿ. ಎರಡನೇ ಸಲ ಪೂರ್ತಿ ಓದುವುದು ಬೇಕಿಲ್ಲ. ಮೊದಲ ಅಧ್ಯಾಯ, ಕೊನೆಯ ಅಧ್ಯಾಯ, ನಡುವೆ ನಿಮ್ಮನ್ನು ತಡೆದು ನಿಲ್ಲಿಸಿದ ಎರಡು ಮೂರು ಜಾಗ, ಅಷ್ಟು ಸಾಕು. ಕೈಯಲ್ಲಿ ಪೆನ್ಸಿಲ್ ಇರಲಿ, ಮನಸ್ಸಿನಲ್ಲಿ ಮೂರು ಪ್ರಶ್ನೆ ಇರಲಿ. ಕಥೆ ಹೇಳುತ್ತಿರುವವರು ಯಾರು? ಯಾವಾಗ, ಎಲ್ಲಿ ಕೂತು ಹೇಳುತ್ತಿದ್ದಾರೆ? ಏನನ್ನು ಹೇಳದೆ ಬಿಡುತ್ತಿದ್ದಾರೆ?

ಮೂರನೆಯದೇ ಮುಖ್ಯ. ಈ ಕಾಲದ ಬ್ರಿಟಿಷ್ ಕಾದಂಬರಿಯ ಅರ್ಧ ಜೀವ ಹೇಳದ ಮಾತಿನಲ್ಲಿದೆ. ಇದಕ್ಕೆ ಒಂದೇ ಪುಸ್ತಕ ಹಿಡಿದು ಉದಾಹರಣೆ ಕೊಡುತ್ತೇನೆ. ಕಝುವೊ ಇಶಿಗುರೊ ಅವರ 'ದಿ ರಿಮೇನ್ಸ್ ಆಫ್ ದಿ ಡೇ' ಇಂಥ ಕ್ಲಾಸುಗಳಲ್ಲಿ ಮತ್ತೆ ಮತ್ತೆ ಬರುವ ಪುಸ್ತಕ. 1989ರಲ್ಲಿ ಬುಕರ್ ಗೆದ್ದಿತು. ಕಥೆ ಹೇಳುವವನು ಸ್ಟೀವನ್ಸ್, ಡಾರ್ಲಿಂಗ್ಟನ್ ಹಾಲ್ ಎಂಬ ದೊಡ್ಡಮನೆಯ ಬಟ್ಲರ್, ಅಂದರೆ ಮನೆಗೆಲಸದವರ ಮುಖ್ಯಸ್ಥ. 1956ರ ಜುಲೈನಲ್ಲಿ ಈಗಿನ ಯಜಮಾನರ ಕಾರು ತೆಗೆದುಕೊಂಡು ಇಂಗ್ಲೆಂಡಿನ ಪಶ್ಚಿಮಕ್ಕೆ ಹೊರಡುತ್ತಾನೆ. ಹಿಂದೆ ಅದೇ ಮನೆಯಲ್ಲಿ ಕೆಲಸಕ್ಕಿದ್ದ ಮಿಸ್ ಕೆಂಟನ್‌ರನ್ನು ನೋಡಬೇಕು. ದಾರಿಯುದ್ದಕ್ಕೂ ಹಳೆಯದನ್ನು ನೆನೆಯುತ್ತಾನೆ. ಇಷ್ಟೇ ಕಥೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. 1923ರಲ್ಲಿ ಆ ಮನೆಯಲ್ಲಿ ದೊಡ್ಡ ಸಭೆ ನಡೆಯುತ್ತಿರುವಾಗ ಸ್ಟೀವನ್ಸ್‌ನ ಅಪ್ಪ ಮಹಡಿಯ ಮೇಲೆ ಸಾಯುತ್ತಾರೆ. ಮಗ ಕೆಳಗೆ ಅತಿಥಿಗಳಿಗೆ ಪಾನೀಯ ಕೊಡುತ್ತಲೇ ಇರುತ್ತಾನೆ. ತಾನು ಅಳುತ್ತಿದ್ದೆ ಅಂತ ಎಲ್ಲೂ ಹೇಳುವುದಿಲ್ಲ. ಆದರೆ ಆಗಿನ ಯಜಮಾನರು ಲಾರ್ಡ್ ಡಾರ್ಲಿಂಗ್ಟನ್ ಬಂದು ಹುಷಾರಾಗಿದ್ದೀಯಾ, ಅಳುತ್ತಿರುವ ಹಾಗೆ ಕಾಣುತ್ತೀಯಲ್ಲ ಎಂದು ಕೇಳುತ್ತಾರೆ. ಅವನು ನಕ್ಕು ಮುಖ ಒರೆಸಿಕೊಂಡು, ದಿನವಿಡೀ ದುಡಿದ ಆಯಾಸ ಅನ್ನುತ್ತಾನೆ. ನಮಗೆ ಅವನ ಕಣ್ಣೀರು ಗೊತ್ತಾಗುವುದು ಇನ್ನೊಬ್ಬರ ಬಾಯಿಂದ. ಇಡೀ ಕಾದಂಬರಿ ಕೆಲಸ ಮಾಡುವ ಬಗೆ ಆ ಅರ್ಧ ಪುಟದಲ್ಲಿದೆ.

ಇನ್ನೊಂದು ನೋಡಿ. ಅಧ್ಯಾಯಗಳಿಗೆ ದಿನದ ಹೆಸರು, ಊರಿನ ಹೆಸರು ಇಟ್ಟಿದ್ದಾರೆ. ಮೊದಲ ದಿನ ಸಂಜೆ ಸಾಲ್ಸ್‌ಬರಿ, ನಾಲ್ಕನೇ ದಿನ ಮಧ್ಯಾಹ್ನ ಕಾರ್ನ್‌ವಾಲ್‌ನ ಒಂದು ಊರು, ಆಮೇಲೆ ನೇರವಾಗಿ ಆರನೇ ದಿನ ಸಂಜೆ ವೇಮತ್. ಐದನೇ ದಿನ ಇಲ್ಲವೇ ಇಲ್ಲ. ಮಿಸ್ ಕೆಂಟನ್‌ರನ್ನು ಭೇಟಿಯಾಗುವುದು ನಾಲ್ಕನೇ ದಿನ, ಆ ಭೇಟಿಯ ವಿಷಯ ನಮಗೆ ತಿಳಿಸುವುದು ಆರನೇ ದಿನ. ನಡುವಿನ ಎರಡು ದಿನ ಅವನು ಏನು ಮಾಡಿದ? ಕ್ಲಾಸಿನಲ್ಲಿ ಈ ಒಂದು ಪ್ರಶ್ನೆ ಎತ್ತಿ ನೋಡಿ. ಅರ್ಧ ಗಂಟೆ ಚರ್ಚೆ ಗ್ಯಾರಂಟಿ. ಇದಕ್ಕೆ ಇಂಗ್ಲಿಷ್ ಎಂ.ಎ. ಬೇಕಾಯಿತಾ? ವಿಷಯಸೂಚಿಯ ಮೇಲೆ ಕಣ್ಣಾಡಿಸಿದರೆ ಸಾಕಾಯಿತು.

ಜುಲೈ 1956 ಅನ್ನುವುದೂ ಸುಮ್ಮನೆ ಇಟ್ಟ ತಾರೀಖಲ್ಲ. ಆ ತಿಂಗಳ 26ರಂದು ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ನಿನ ಸಾಮ್ರಾಜ್ಯದ ದಿನಗಳು ಮುಗಿದವು ಎಂದು ಜಗತ್ತಿಗೇ ಗೊತ್ತಾದದ್ದು ಅದರ ಬೆನ್ನಿಗೆ. ಕಾದಂಬರಿಯಲ್ಲಿ ಸೂಯೆಜ್‌ನ ಸುದ್ದಿಯೇ ಇಲ್ಲ. ದೊಡ್ಡಮನೆಗಳ, ದೊಡ್ಡ ಯಜಮಾನರ ಹಿರಿಮೆಯ ಬಗ್ಗೆ ಬಟ್ಲರ್ ಮಾತಾಡುತ್ತಾ ಹೋಗುತ್ತಾನೆ, ಹಿಂದೆ ಆ ಲೋಕವೇ ಕುಸಿಯುತ್ತಿರುತ್ತದೆ. ಅವನ ಹಳೆಯ ಯಜಮಾನರು ಡಾರ್ಲಿಂಗ್ಟನ್ ನಾಜಿಗಳ ಕಡೆ ಒಲವಿದ್ದವರು, ಯಹೂದಿ ಎಂಬ ಕಾರಣಕ್ಕೆ ಇಬ್ಬರು ಕೆಲಸದ ಹುಡುಗಿಯರನ್ನು ಮನೆಯಿಂದ ಕಳಿಸಿದವರು. ಅವರನ್ನು ಕಳಿಸುವ ಕೆಲಸ ಮಾಡಿದ್ದು ಸ್ಟೀವನ್ಸ್ ಕೈಯೇ. ಅದೇ ಸ್ಟೀವನ್ಸ್ ಈಗ ಅಪರಿಚಿತರ ಮುಂದೆ ತಾನು ಆ ಯಜಮಾನರ ಬಳಿ ಕೆಲಸವೇ ಮಾಡಿಲ್ಲ ಅನ್ನುತ್ತಾನೆ. ಎಲ್ಲೆಲ್ಲಿ ಹೀಗೆ ಹೇಳುತ್ತಾನೆ ಎಂದು ಗುರುತು ಹಾಕುತ್ತಾ ಹೋಗಿ, ನಿಮಗೇ ಗೊತ್ತಾಗುತ್ತದೆ.

ಬೇರೆ ಪುಸ್ತಕಗಳಿಗೆ ಪ್ರಶ್ನೆ ಇವೇ, ಉತ್ತರ ಬೇರೆ. ಹಿಲರಿ ಮ್ಯಾಂಟೆಲ್ ಅವರ 'ವುಲ್ಫ್ ಹಾಲ್' 600 ಪುಟ ಮೀರಿದ ಕಾದಂಬರಿ, ಎಂಟನೇ ಹೆನ್ರಿಯ ಕಾಲದ ಕಥೆ. ಆದರೆ ಎಲ್ಲವೂ ಈಗಲೇ ನಡೆಯುತ್ತಿರುವ ಹಾಗೆ ವರ್ತಮಾನ ಕಾಲದಲ್ಲಿದೆ. 'ಅವನು' ಅಂದರೆ ಹೆಚ್ಚುಪಾಲು ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಅಂತಲೇ ಅರ್ಥ. ಇಷ್ಟು ಗೊತ್ತಿಲ್ಲದೆ ಶುರು ಮಾಡಿದವರು ಐವತ್ತನೇ ಪುಟಕ್ಕೆ ಕೈಬಿಡುತ್ತಾರೆ. ಬರ್ನಾರ್ಡಿನ್ ಎವರಿಸ್ಟೊ ಅವರ 'ಗರ್ಲ್, ವುಮನ್, ಅದರ್' ಹನ್ನೆರಡು ಜನರ ಕಥೆ, ಪೂರ್ಣವಿರಾಮ ಬಹಳ ಅಪರೂಪ. ಕಣ್ಣಿನಲ್ಲಿ ಓದುವುದಕ್ಕಿಂತ ಒಂದೆರಡು ಪುಟ ಜೋರಾಗಿ ಓದಿ, ಆ ಲಯ ಹಿಡಿತಕ್ಕೆ ಬರುತ್ತದೆ. ಜಾನ್ ಮೆಕ್‌ಗ್ರೆಗರ್ ಅವರ 'ರಿಸರ್ವಾಯರ್ 13'ರಲ್ಲಿ ಹೊಸ ವರ್ಷದ ಹೊತ್ತಿಗೆ ಹಳ್ಳಿಯೊಂದಕ್ಕೆ ಬಂದ ಹುಡುಗಿ ಕಾಣೆಯಾಗುತ್ತಾಳೆ. ಹದಿಮೂರು ಅಧ್ಯಾಯ, ಹದಿಮೂರು ವರ್ಷ. ಏನಾಯಿತು ಎಂದು ಕೊನೆಗೂ ಹೇಳುವುದಿಲ್ಲ. ಪತ್ತೇದಾರಿ ಕಥೆ ಅಂದುಕೊಂಡವರಿಗೆ ಸಿಟ್ಟು ಬರುತ್ತದೆ, ಆ ಸಿಟ್ಟೇ ಒಳ್ಳೆಯ ಚರ್ಚೆಗೆ ದಾರಿ.

ಹಂತ 4: ಊರು, ಕಾಲ, ವರ್ಗ ತಿಳಿದುಕೊಳ್ಳಿ

ಈ ಕಾದಂಬರಿಗಳಲ್ಲಿ ಒಬ್ಬರು ಬಾಯಿ ತೆರೆದರೆ ಸಾಕು, ಅವರು ಯಾವ ಊರಿನವರು, ಯಾವ ಶಾಲೆಗೆ ಹೋದವರು, ಅಪ್ಪನ ಕೆಲಸ ಏನಿರಬಹುದು ಎಂದು ಇಲ್ಲಿನ ಓದುಗರಿಗೆ ಗೊತ್ತಾಗುತ್ತದೆ. ಹೊರಗಿನಿಂದ ಬಂದ ನಮಗೆ ಗೊತ್ತಾಗುವುದಿಲ್ಲ. ನಿಜವಾದ ಕಷ್ಟ ಇದೇ, ಇಂಗ್ಲಿಷ್ ಪದಗಳದ್ದಲ್ಲ.

ಅದಕ್ಕೆ ಪ್ರತಿ ಪುಸ್ತಕಕ್ಕೂ ಅರ್ಧ ಗಂಟೆ ಮೀಸಲಿಡಿ. ನಕ್ಷೆಯಲ್ಲಿ ಊರು ನೋಡಿ. ಝೇಡಿ ಸ್ಮಿತ್ ಅವರ 'ವೈಟ್ ಟೀತ್' ಲಂಡನ್ನಿನ ವಾಯವ್ಯದ ವಿಲ್ಸ್‌ಡನ್ ಸುತ್ತಲಿನ ಕಥೆ. ಹತ್ತಿರದಲ್ಲಿದ್ದರೆ ಒಂದು ಶನಿವಾರ ಹೋಗಿ ನಡೆದಾಡಿ ಬನ್ನಿ, ನೀಸ್ಡನ್‌ನ ದೊಡ್ಡ ಸ್ವಾಮಿನಾರಾಯಣ ಮಂದಿರ ಅಲ್ಲಿಂದ ದೂರವೇನಿಲ್ಲ. ಡಗ್ಲಸ್ ಸ್ಟುವರ್ಟ್ ಅವರ 'ಶಗ್ಗಿ ಬೇನ್' ಓದುವ ಮುಂಚೆ 1980ರ ದಶಕದ ಗ್ಲಾಸ್ಗೋ, ಮುಚ್ಚಿದ ಗಣಿಗಳು, ಥ್ಯಾಚರ್ ಸರ್ಕಾರ, ಇಷ್ಟರ ಬಗ್ಗೆ ನಾಲ್ಕು ಪುಟ ಓದಿಕೊಳ್ಳಿ. ಆ್ಯಲಿ ಸ್ಮಿತ್ ಅವರ 'ಆಟಮ್' ಹೊರಬಂದದ್ದು 2016ರ ಅಕ್ಟೋಬರಿನಲ್ಲಿ, ಬ್ರೆಕ್ಸಿಟ್ ಮತದಾನ ನಡೆದದ್ದು ಅದೇ ವರ್ಷದ ಜೂನ್ 23ಕ್ಕೆ. ಅಷ್ಟು ಬಿಸಿಬಿಸಿಯಾಗಿ ಬರೆದದ್ದು ಎಂದು ಗೊತ್ತಿದ್ದರೆ ಆ ಗಡಿಬಿಡಿ, ಆ ಕೋಪ ಅರ್ಥವಾಗುತ್ತದೆ.

'ಶಗ್ಗಿ ಬೇನ್'ನಲ್ಲಿ ಗ್ಲಾಸ್ಗೋ ಮಾತು ತುಂಬಿದೆ. ಅದು ಕಂಡು ನಿಮ್ಮ ಇಂಗ್ಲಿಷ್ ಸಾಲದು ಅಂದುಕೊಳ್ಳಬೇಡಿ, ಲಂಡನ್ನಿನವರೂ ಅಲ್ಲಿ ತಡವರಿಸುತ್ತಾರೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯನ್ನು ಮೊದಲ ಸಲ ತೆರೆದಾಗ ಧಾರವಾಡದವರಿಗೋ ಮಂಗಳೂರಿನವರಿಗೋ ಆಗುವ ಅನುಭವ ಇದೇ ಅಲ್ವಾ? ಊರಿಗೊಂದು ಕನ್ನಡ ಕೇಳಿ ಬೆಳೆದವರಿಗೆ ಈ ತರಹದ ಓದಿನಲ್ಲಿ ತಾಳ್ಮೆ ಜಾಸ್ತಿ ಇರುತ್ತದೆ. ಹಾಗೆ ನೋಡಿದರೆ ಇದು ನಿಮ್ಮ ಕಡೆಯ ಬಲ.

ಯಾರು 'ಬ್ರಿಟಿಷ್' ಎಂಬ ಪ್ರಶ್ನೆಯೂ ಬಂದೇ ಬರುತ್ತದೆ. ಇಶಿಗುರೊ ಹುಟ್ಟಿದ್ದು ನಾಗಸಾಕಿಯಲ್ಲಿ, ಇಂಗ್ಲೆಂಡಿಗೆ ಬಂದಾಗ ಐದು ವರ್ಷ. 'ಮಿಲ್ಕ್‌ಮನ್' ಬರೆದ ಆ್ಯನಾ ಬರ್ನ್ಸ್ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನವರು. ಡಬ್ಲಿನ್‌ನ ಲೇಖಕರನ್ನು ಬ್ರಿಟಿಷ್ ಅಂದರೆ ಮಾತ್ರ ಕ್ಲಾಸಿನಲ್ಲಿ ಯಾರಾದರೂ ಕೆಮ್ಮುತ್ತಾರೆ. ಐರ್ಲೆಂಡ್ ಬೇರೆ ದೇಶ, ಮರೆಯಬೇಡಿ.

ಲೇಖಕರ ಮಾತು ಕೇಳಬೇಕೆಂದಿದ್ದರೆ ಬಿಬಿಸಿ ವರ್ಲ್ಡ್ ಸರ್ವಿಸಿನ 'ವರ್ಲ್ಡ್ ಬುಕ್ ಕ್ಲಬ್' ಹಳೆಯ ಕಂತುಗಳನ್ನು ಹುಡುಕಿ. ಬ್ರಿಟಿಷ್ ಕೌನ್ಸಿಲ್‌ನ ಸಾಹಿತ್ಯದ ಪುಟಗಳಲ್ಲಿ ಲೇಖಕರ ಬಗ್ಗೆ ಒಳ್ಳೆಯ ಪರಿಚಯಗಳಿವೆ. ಇವೆಲ್ಲ ಓದು ಮುಗಿದ ಮೇಲೆ. ವಿಮರ್ಶೆ ಮೊದಲೇ ಓದಿಬಿಟ್ಟರೆ ವಿಮರ್ಶಕರ ಕಣ್ಣಿನಲ್ಲೇ ಪುಸ್ತಕ ನೋಡುತ್ತೀರಿ.

ಹಂತ 5: ಕ್ಲಾಸಿನಲ್ಲಿ ಬಾಯಿ ಬಿಡಿ

ಮೊದಲ ದಿನ ಎಲ್ಲರೂ ಹೆಸರು ಹೇಳಿ, ಯಾಕೆ ಬಂದಿರಿ ಅಂತ ಒಂದು ಮಾತು ಹೇಳಬೇಕು. ಟ್ಯೂಟರಿಗೆ ಎಪ್ಪತ್ತು ವರ್ಷವಾಗಿದ್ದರೂ ಬರೀ ಹೆಸರು ಹಿಡಿದು ಕರೆಯುವುದೇ ಇಲ್ಲಿನ ರೂಢಿ. ಸರ್, ಮೇಡಂ ಅಂದರೆ ಅವರಿಗೇ ಮುಜುಗರ. ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ, ನಿಜ. ಎರಡು ವಾರ ಕಷ್ಟ, ಆಮೇಲೆ ಅಭ್ಯಾಸವಾಗುತ್ತದೆ.

ಮಾತಾಡುವಾಗ ಪುಟದಿಂದ ಶುರು ಮಾಡಿ. "ನನಗೆ ಈ ಪಾತ್ರ ಇಷ್ಟ ಆಗಲಿಲ್ಲ" ಅಂದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. "ಮೂರನೇ ದಿನದ ಅಧ್ಯಾಯದಲ್ಲಿ ಇವನು ಹೀಗೆ ಹೇಳುತ್ತಾನೆ, ಆದರೆ ಮೊದಲ ಅಧ್ಯಾಯದಲ್ಲಿ ಹಾಗೆ ಹೇಳಿದ್ದ, ಯಾವುದು ನಿಜ?" ಅಂದರೆ ಹತ್ತು ಜನ ಪುಸ್ತಕ ತೆರೆಯುತ್ತಾರೆ. ಇಷ್ಟ-ಕಷ್ಟ ಹೇಳಬಾರದು ಅಂತಲ್ಲ. ಯಾವ ಸಾಲಿನಲ್ಲಿ ಇಷ್ಟ ಹೋಯಿತು ಅಂತ ಹೇಳಬೇಕು. ಪ್ರತಿ ವಾರಕ್ಕೆ ಇಂಥದ್ದೊಂದು ಜಾಗ ಗುರುತು ಮಾಡಿಕೊಂಡು ಹೋಗಿ. ಒಂದೇ ಸಾಕು. ಅದನ್ನು ಮೊದಲ ಅರ್ಧ ಗಂಟೆಯೊಳಗೆ ಹೇಳಿಬಿಡಿ, ಇಲ್ಲದಿದ್ದರೆ ಇನ್ಯಾರೋ ಹೇಳಿಬಿಡುತ್ತಾರೆ ಅಥವಾ ನಿಮಗೆ ಧೈರ್ಯ ಹೋಗುತ್ತದೆ.

ಇಲ್ಲಿ ಒಪ್ಪದಿರುವ ರೀತಿಯೂ ಬೇರೆ. "ನೀವು ಹೇಳಿದ್ದು ತಪ್ಪು" ಅಂತ ಯಾರೂ ಅನ್ನುವುದಿಲ್ಲ. ನನಗೆ ಬೇರೆ ಥರ ಕಂಡಿತು, ಹೀಗೂ ಇರಬಹುದೇನೋ ಅಂತ ಸುತ್ತಿ ಹೇಳುತ್ತಾರೆ. ನಿಮ್ಮ ಮಾತಿಗೆ ಟ್ಯೂಟರ್ "ಇಂಟರೆಸ್ಟಿಂಗ್" ಅಂದರೆ ಅದು ಯಾವಾಗಲೂ ಹೊಗಳಿಕೆಯಲ್ಲ. ಬೇಜಾರು ಮಾಡಿಕೊಳ್ಳದೆ ಯಾಕೆ ಅಂತ ಕೇಳಿ.

ಒಂದು ಬಲೆ ಇದೆ, ಅದರಲ್ಲಿ ಬೀಳಬೇಡಿ. ಕಾದಂಬರಿಯಲ್ಲಿ ದಕ್ಷಿಣ ಏಷ್ಯಾದ ಪಾತ್ರ ಬಂದ ಕೂಡಲೇ ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ. 'ವೈಟ್ ಟೀತ್'ನ ಸಮದ್ ಇಕ್ಬಾಲ್ ಬಂಗಾಳಿ ಮುಸ್ಲಿಂ, ಅವನ ಕುಟುಂಬದ ಬೇರು ಬಾಂಗ್ಲಾದೇಶದಲ್ಲಿ. ನೀವು ಹಾಸನದವರೋ ರಾಯಚೂರಿನವರೋ. ಅವನ ಮನೆಯ ಬಗ್ಗೆ ನಿಮಗೆ ಗೊತ್ತಿರುವುದು ಪಕ್ಕದಲ್ಲಿ ಕೂತ ಮಾರ್ಗರೆಟ್‌ಗೋ ಡೇವಿಡ್‌ಗೋ ಗೊತ್ತಿರುವುದಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು, ಅಷ್ಟೇ. ಇಡೀ ಉಪಖಂಡದ ಪರವಾಗಿ ಉತ್ತರ ಕೊಡಲು ಹೋಗಬೇಡಿ. "ಆ ಭಾಗ ನನಗೆ ಗೊತ್ತಿಲ್ಲ, ಆದರೆ ಈ ಸಾಲು ನೋಡಿ" ಅಂದು ಮತ್ತೆ ಪುಟಕ್ಕೆ ಬನ್ನಿ. ಹಾಗೆಯೇ ಲೇಖಕರು ತಪ್ಪು ಬರೆದಿದ್ದಾರೆ ಅನಿಸಿದರೆ ಧೈರ್ಯವಾಗಿ ಹೇಳಿ, ಅದಕ್ಕೂ ಸಾಲು ತೋರಿಸಿ.

ಉಚ್ಚಾರಣೆಯ ಚಿಂತೆ ಬೇಡ. ಪಾತ್ರದ ಹೆಸರು ಹೇಗೆ ಹೇಳಬೇಕು ಅಂತ ಗೊತ್ತಿಲ್ಲದಿದ್ದರೆ ಕೇಳಿ. ಬ್ರಿಟನ್ನಿನ ಊರ ಹೆಸರುಗಳನ್ನು ಬರೆದ ಹಾಗೆ ಓದಿದರೆ ಅರ್ಧ ತಪ್ಪಾಗುತ್ತದೆ, ಅದು ಅವರಿಗೂ ಗೊತ್ತು.

ಹಂತ 6: ಬರೆಯಬೇಕಾಗಿ ಬಂದರೆ

ಬಹಳಷ್ಟು ಕ್ಲಾಸುಗಳಲ್ಲಿ ಬರೆಯುವ ಕೆಲಸವಿಲ್ಲ. ವಿಶ್ವವಿದ್ಯಾಲಯ ನಡೆಸುವ, ಕ್ರೆಡಿಟ್ ಅಂಕ ಕೊಡುವ ಕೋರ್ಸುಗಳಲ್ಲಿ ಕೊನೆಗೊಂದು ಪ್ರಬಂಧ ಇರುತ್ತದೆ, ಸಾಮಾನ್ಯವಾಗಿ ಒಂದೂವರೆ ಎರಡು ಸಾವಿರ ಪದದ ಆಸುಪಾಸು. ಕ್ರೆಡಿಟ್ ಬೇಡವಾದರೂ ಬರೆಯಿರಿ. ಟ್ಯೂಟರ್ ಓದಿ ಅಂಚಿನಲ್ಲಿ ಹಾಕುವ ನಾಲ್ಕು ಮಾತು ಕೋರ್ಸಿನ ಹಣಕ್ಕೆ ಸರಿಯಾದ ಬೆಲೆ.

ನಾವು ಶಾಲೆಯಲ್ಲಿ ಕಲಿತ ಪ್ರಬಂಧದ ರೀತಿ ಇಲ್ಲಿ ನಡೆಯುವುದಿಲ್ಲ. ಲೇಖಕರ ಜೀವನ, ಕೃತಿಗಳು, ಕಥಾಸಾರ, ಕೊನೆಗೆ ಹೊಗಳಿಕೆ ಅಂತ ಬರೆದರೆ ಸೊನ್ನೆಯ ಹತ್ತಿರ. ಕಥಾಸಾರ ಬೇಡವೇ ಬೇಡ, ಟ್ಯೂಟರ್ ಪುಸ್ತಕ ಓದಿದ್ದಾರೆ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಉದಾಹರಣೆಗೆ: ಸ್ಟೀವನ್ಸ್ ಐದನೇ ದಿನವನ್ನು ಯಾಕೆ ಬಿಟ್ಟ? ಅದಕ್ಕೆ ನಿಮ್ಮ ಉತ್ತರವನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಆಮೇಲೆ ಕಾದಂಬರಿಯ ಮೂರು ಜಾಗ ತೆಗೆದುಕೊಂಡು, ಪ್ರತಿಯೊಂದರಿಂದ ಒಂದೆರಡು ಸಾಲು ಎತ್ತಿ ಕೊಟ್ಟು, ಅವು ನಿಮ್ಮ ಉತ್ತರಕ್ಕೆ ಹೇಗೆ ಸಾಕ್ಷಿ ಎಂದು ತೋರಿಸಿ. ನಿಮ್ಮ ಉತ್ತರಕ್ಕೆ ವಿರುದ್ಧ ಹೋಗುವ ಒಂದು ಜಾಗವನ್ನೂ ಮುಚ್ಚಿಡದೆ ತನ್ನಿ. ಅದನ್ನು ಎದುರಿಸಿದ ಪ್ರಬಂಧಕ್ಕೇ ಮರ್ಯಾದೆ.

ಕರಡನ್ನು ಕನ್ನಡದಲ್ಲಿ ಬರೆದುಕೊಂಡರೂ ನಡೆಯುತ್ತದೆ. ಯೋಚನೆ ಯಾವ ಭಾಷೆಯಲ್ಲಿ ಸಲೀಸೋ ಅದರಲ್ಲೇ ಮಾಡಿ, ಆಮೇಲೆ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಿರಿ. ಚಾಟ್‌ಬಾಟ್ ಕೈಯಲ್ಲಿ ಬರೆಸಬೇಡಿ. ನೀತಿಯ ಮಾತು ಹಾಗಿರಲಿ, ಅದು ಇಲ್ಲದ ಸಾಲುಗಳನ್ನೂ ಲೇಖಕರ ಬಾಯಿಗೆ ತುರುಕುತ್ತದೆ, ಪುಟ ತೆರೆದ ಕೂಡಲೇ ಸಿಕ್ಕಿಬೀಳುತ್ತೀರಿ.

ಬುಕರ್ ಬಗ್ಗೆ ಒಂದು ಮಾತು

ಪಟ್ಟಿಯ ಹೆಚ್ಚಿನ ಪುಸ್ತಕಗಳ ಮೇಲೆ ಬುಕರ್ ಚೀಟಿ ಇರುತ್ತದೆ, ಆದ್ದರಿಂದ ಇದು ಗೊತ್ತಿರಲಿ. ಬುಕರ್ ಶುರುವಾದದ್ದು 1969ರಲ್ಲಿ. ಮೊದಲು ಮುಖ್ಯವಾಗಿ ಬ್ರಿಟನ್, ಐರ್ಲೆಂಡ್, ಕಾಮನ್‌ವೆಲ್ತ್ ಲೇಖಕರಿಗೆ ಇತ್ತು. 2014ರಿಂದ ಇಂಗ್ಲಿಷಿನಲ್ಲಿ ಬರೆದು ಬ್ರಿಟನ್ನಿನಲ್ಲಿ (ಈಗ ಐರ್ಲೆಂಡಿನಲ್ಲೂ) ಪ್ರಕಟವಾದ ಯಾವ ದೇಶದವರ ಕಾದಂಬರಿಗಾದರೂ ಕೊಡುತ್ತಾರೆ. ಹಾಗಾಗಿ ಬುಕರ್ ಪಟ್ಟಿಯೇ ಬ್ರಿಟಿಷ್ ಕಾದಂಬರಿಯ ಪಟ್ಟಿ ಅಲ್ಲ.

ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಬಂದದ್ದು ಇದಲ್ಲ, ಇಂಟರ್‌ನ್ಯಾಷನಲ್ ಬುಕರ್. ಅದು ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದ ಪುಸ್ತಕಕ್ಕೆ, ಹಣವನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುತ್ತಾರೆ. 50,000 ಪೌಂಡಿನಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರದು. ಪ್ರಕಟಿಸಿದ್ದು ಶೆಫೀಲ್ಡ್‌ನ ಆ್ಯಂಡ್ ಅದರ್ ಸ್ಟೋರೀಸ್ ಎಂಬ ಚಿಕ್ಕ ಪ್ರಕಾಶನ. ಅವಧಿಯ ಕೊನೆಯಲ್ಲಿ ಮುಂದಿನ ಸಲಕ್ಕೆ ಯಾವ ಪುಸ್ತಕ ಬೇಕು ಅಂತ ಟ್ಯೂಟರ್ ಕೇಳುವುದುಂಟು. ಬ್ರಿಟಿಷ್ ಕಾದಂಬರಿಯ ಪಟ್ಟಿಗೆ ಇದು ಸೇರಲಿಕ್ಕಿಲ್ಲ, ಕಥಾಸಂಕಲನ ಬೇರೆ. ಅನುವಾದಿತ ಸಾಹಿತ್ಯದ ಕ್ಲಾಸು ಇದ್ದರೆ ಅಲ್ಲಿ ಸೂಚಿಸಿ. ಆ ಕಥೆಗಳನ್ನು ಕನ್ನಡದಲ್ಲೇ ಓದಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ ಇರುತ್ತೀರಿ.

ಕರ್ನಾಟಕದಿಂದ ಸೇರುವವರಿಗೆ

ಆನ್‌ಲೈನ್ ಕ್ಲಾಸುಗಳಿಗೆ ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಸೇರಬಹುದು, ಆದರೆ ಹೊರದೇಶದವರನ್ನು ತೆಗೆದುಕೊಳ್ಳುತ್ತಾರಾ, ಶುಲ್ಕ ಬೇರೆಯಾ ಅಂತ ಮೊದಲೇ ಕೇಳಿ. ರಿಯಾಯಿತಿ ನಿರೀಕ್ಷಿಸಬೇಡಿ. ಬ್ರಿಟನ್ನಿನ ಯಾವುದಾದರೂ ಊರಿನ ಲೈಬ್ರರಿಯ ಕಾರ್ಡು ಇಲ್ಲದೆ ಅಲ್ಲಿನ ಇ-ಪುಸ್ತಕ ಸಿಗುವುದಿಲ್ಲ. ಬೆಂಗಳೂರಿನವರಿಗೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಿವೆ. ಇಶಿಗುರೊ, ಮ್ಯಾಂಟೆಲ್, ಝೇಡಿ ಸ್ಮಿತ್ ಹಳೇ ಪ್ರತಿಗಳು ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಹೊತ್ತಿನ ಲೆಕ್ಕ ಮುಖ್ಯ. ಲಂಡನ್ನಿನಲ್ಲಿ ಸಂಜೆ ಏಳರ ಕ್ಲಾಸು ಚಳಿಗಾಲದಲ್ಲಿ ನಮ್ಮಲ್ಲಿ ಮಧ್ಯರಾತ್ರಿ 12.30, ಬೇಸಿಗೆಯಲ್ಲಿ ರಾತ್ರಿ 11.30. ಎಷ್ಟೇ ಉತ್ಸಾಹ ಇದ್ದರೂ ಹತ್ತು ವಾರ ಅದು ನಡೆಯುವುದಿಲ್ಲ. ಅಲ್ಲಿನ ಬೆಳಗಿನ ಕ್ಲಾಸು ಹುಡುಕಿ. ಲಂಡನ್ 10.30 ಅಂದರೆ ನಮಗೆ ಚಳಿಗಾಲದಲ್ಲಿ ಸಂಜೆ 4, ಬೇಸಿಗೆಯಲ್ಲಿ ಮಧ್ಯಾಹ್ನ 3. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಬರುತ್ತದೆ. ಸೆಪ್ಟೆಂಬರಿನಲ್ಲಿ ಮೂರಕ್ಕೆ ಶುರುವಾದ ಕ್ಲಾಸು ನವೆಂಬರಿಗೆ ನಾಲ್ಕಕ್ಕೆ ಸರಿದಿರುತ್ತದೆ, ಅದನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.